ಚಿಕ್ಕ ಪಿಕಪ್ ಹೊತ್ತು ತಂದದ್ದು

ಬೇಟೆಗಾರ ಉತ್ತಯ್ಯನ ಬಳಿ ಎರಡು ಪಿಕಪ್‌ಗಳಿದ್ದವು, ಒಂದು ಭಾರಿ ಗಾತ್ರದ್ದು, ಇನ್ನೊಂದು ಅದಕ್ಕಿಂತ ಚಿಕ್ಕದಾದ ಮಧ್ಯಮ ಗಾತ್ರದ್ದು. ಹಂದಿ ಬೇಟೆಗೆ ಯಾವುದನ್ನು ಒಯ್ಯಲಿ ಎಂದು ಅವನು ಯೋಚಿಸುತ್ತ ನಿಂತ.

"ಆರು ಜನ, ಡೇರೆ, ಹೊಡೆದ ಹಂದಿ, ಎಲ್ಲವನ್ನೂ ನಾನೊಬ್ಬನೇ ಹೊರುತ್ತೇನೆ. ಈ ಚಿಕ್ಕವನನ್ನು ಮನೆಯಲ್ಲೇ ಬಿಡಿ, ಒಡೆಯರೇ," ಎಂದಿತು ದೊಡ್ಡದು.

"ಹೊರುವುದು ನಿಜ. ಕಾಡಿನ ದಾರಿ ನಿನ್ನನ್ನು ಒಳಗೆ ಬಿಡಬೇಕಲ್ಲ," ಎಂದಿತು ಚಿಕ್ಕದು.

ಉತ್ತಯ್ಯ ದೊಡ್ಡದನ್ನು ಓಡಿಸಲು ತಮ್ಮನಿಗೆ ಕೊಟ್ಟು, ಚಿಕ್ಕದನ್ನು ತಾನೇ ಓಡಿಸಿದ. ಕಾಡಿನಲ್ಲಿ ಎರಡು ಬಂಡೆಗಳ ನಡುವೆ ದೊಡ್ಡದಕ್ಕೆ ತೂರಲಾಗಲಿಲ್ಲ.

"ನಾನಿಲ್ಲೇ ಕಾಯುತ್ತೇನೆ. ಹಂದಿ ಇಲ್ಲದೆ ಬಂದರೆ ನೀನು ಹೋಗಿಯೂ ವ್ಯರ್ಥ," ಎಂದಿತು ಅದು.

ಚಿಕ್ಕದು ಉತ್ತಯ್ಯನನ್ನೂ ಅವನ ಬೇಟೆನಾಯಿ ಚೂಟಿಯನ್ನೂ ಹೊತ್ತು ಒಳಗೆ ಹೋಯಿತು. ಹಂದಿಯೇನೋ ಎದುರಾಯಿತು, ಆದರೆ ಕೋರೆಯಿಂದ ಚೂಟಿಯ ತೊಡೆಯನ್ನು ಸೀಳಿ ಪೊದೆಗೆ ನುಗ್ಗಿತು. ಉತ್ತಯ್ಯ ಬಂದೂಕು ಎತ್ತಿ ಅತ್ತ ಹೆಜ್ಜೆ ಹಾಕಿದ.

"ಒಡೆಯರೇ, ರಕ್ತ ನಿಲ್ಲುತ್ತಿಲ್ಲ. ನಾಯಿಯನ್ನು ಎತ್ತಿಕೊಂಡು ಹತ್ತಿ," ಎಂದಿತು ಚಿಕ್ಕದು.

ಉತ್ತಯ್ಯ ಹಾಗೆಯೇ ಮಾಡಿದ. ಕಡಿದಾದ ದಿಣ್ಣೆಯನ್ನು ಅದು ಒಂದೇ ಉಸಿರಿಗೆ ಏರಿ ಬಂಡೆಗಳ ಬಳಿಗೆ ಬಂತು.

"ಖಾಲಿ ಬಂದೆಯಾ?" ಎಂದು ದೊಡ್ಡದು ಕೇಳಿತು.

"ಖಾಲಿಯಲ್ಲ. ಚೂಟಿ ಇನ್ನೂ ಉಸಿರಾಡುತ್ತಿದೆ. ದಾರಿ ಬಿಡು."

ದೊಡ್ಡದು ಪಕ್ಕಕ್ಕೆ ಸರಿಯಿತು. ಊರಿನ ಪಶು ಆಸ್ಪತ್ರೆಯಲ್ಲಿ ಡಾಕ್ಟರು ಹೊಲಿಗೆ ಹಾಕಿದರು, ಚೂಟಿ ಉಳಿಯಿತು. ಮನೆಗೆ ಮರಳುವಾಗ ದೊಡ್ಡದು ತಾನಾಗಿಯೇ ಹಿಂದೆ ಉಳಿಯಿತು. ಬೇಟೆ ಸಿಗದಿದ್ದರೂ ಚಿಕ್ಕದು ಎದೆ ಸೆಟೆಸಿಕೊಂಡು ಮುಂದೆ ಓಡಿತು.