ಕೊನೆಯ ಡಬ್ಬಿ ದಾಟುವ ತನಕ

ರೈಲ್ವೆ ಯಾರ್ಡಿನ ಗೋಡೆಗೆ ಅಂಟಿಕೊಂಡು ಒಂದು ಸಣ್ಣ ಮಠ. ಅಲ್ಲಿನ ಸ್ವಾಮಿಗಳಾದ ಅಜ್ಜ ಕಾವಿ ಉಡುವ ಮೊದಲು ಮೂವತ್ತು ವರ್ಷ ಅದೇ ಯಾರ್ಡಿನಲ್ಲಿ ಸುತ್ತಿಗೆಯಿಂದ ಗಾಲಿ ಬಡಿದು, ಸದ್ದು ಕೇಳಿ, ಬಿರುಕು ಹುಡುಕುತ್ತಿದ್ದವರು. ಮಾತು ಕಡಿಮೆ.

ಒಂದು ಬೆಳಿಗ್ಗೆ ಅಲ್ಲಿಗೆ ಕಳಕಪ್ಪ ಎಂಬ ನೇಕಾರ ಬಂದ. ಹೆಗಲಿಗೆ ಚೀಲ, ಮುಖದ ತುಂಬ ಹಟ.

"ಅಜ್ಜಾರ, ನನಗ ಉಪದೇಶ ಕೊಡ್ರಿ. ಕೊಡೂತನಕ ಇಲ್ಲಿಂದ ಏಳಂಗಿಲ್ಲ."

"ಏನೇನು ಬಿಟ್ಟು ಬಂದೀ?"

"ಎಲ್ಲಾ ಬಿಟ್ಟೀನ್ರಿ. ಮಗ್ಗದಾಗ ಅರ್ಧಾ ನೇಯ್ದ ಸೀರಿ ಇತ್ತು. ಹೆಂಡ್ತಿ ನೀಲವ್ವ ಪಕ್ಕದಾಗ ಕುಂತು ರಾಟಿ ತಿರುವಿ ಕಂಡಿಕಿಗೆ ನೂಲು ಸುತ್ತತಿದ್ಲು. ಹಂಗ ಎದ್ದು ಬಂದೆ. ಎರಡು ವರ್ಷಾತು, ನಾಕು ಮಠಾ ತಿರುಗೀನಿ. ಒಮ್ಮಿನೂ ಹಿಂದ ತಿರುಗಿ ನೋಡಿಲ್ಲ."

ಗೆದ್ದ ಪದಕ ತೋರಿಸುವವನ ಹಾಗೆ ಹೇಳಿದ, ಪುಣ್ಯಾತ್ಮ.

ಅಜ್ಜ ಯಾರ್ಡಿನ ಮೇಲಿನ ಕಾಲುಸೇತುವೆಯತ್ತ ಕೈ ತೋರಿಸಿದರು. "ಅಲ್ಲಿ ನಿಂತು ಒಂದು ಗೂಡ್ಸ್ ಗಾಡಿ ನೋಡಿ ಬಾ. ಪೂರಾ ನೋಡಬೇಕು."

"ಇಷ್ಟ ಏನ್ರಿ?"

"ಇಷ್ಟ."

ಕಳಕಪ್ಪ ಅರ್ಧ ತಾಸಿನಲ್ಲಿ ವಾಪಸು ಬಂದ. "ನೋಡಿದೆ ಅಜ್ಜಾರ. ಎರಡು ಇಂಜಿನ್ ಕೂಡಿ ಎಳೀತಿದ್ವು. ಸೇತುವೆ ಸೈತ ನಡುಗಿತ್ರಿ."

"ಅದರ ಹಿಂದ?"

"ಹಿಂದ ಏನೈತ್ರಿ, ಬರೇ ಡಬ್ಬಿ. ಒಂದರಂಗ ಇನ್ನೊಂದು. ಇಳಿದು ಬಂದೆ."

"ಮತ್ತ ಹೋಗು."

ಮರುದಿನ ಅವನು ಎಣಿಸಿಕೊಂಡು ಬಂದ. "ಐವತ್ತೆಂಟು ಡಬ್ಬಿ ಅಜ್ಜಾರ. ಒಂದೂ ತಪ್ಪಿಲ್ಲ."

"ಕೊನೇ ಡಬ್ಬಿ ಹಿಂದ ಏನಿತ್ತು?"

ಕಳಕಪ್ಪ ಕತ್ತು ತುರಿಸಿಕೊಂಡ. ಐವತ್ತೆಂಟು ಎನ್ನುವಷ್ಟರಲ್ಲಿ ಆಚೆ ಲೈನಿನಲ್ಲಿ ಇನ್ನೊಂದು ಇಂಜಿನ್ ಕೂಗಿತ್ತು. ಕಣ್ಣು ಅತ್ತ ಹೋಗಿತ್ತು.

"ಮತ್ತ ಹೋಗು."

ಬೇರೆಯವರಾಗಿದ್ದರೆ ಚೀಲ ಎತ್ತುತ್ತಿದ್ದರು. ಕಳಕಪ್ಪ ರೊಟ್ಟಿಯ ಗಂಟನ್ನೂ ಸೇತುವೆಗೇ ಒಯ್ದ. ಬಿಸಿಲಿಗೆ ಕಬ್ಬಿಣದ ಕಂಬಿ ಮುಟ್ಟಲಾಗುತ್ತಿರಲಿಲ್ಲ. ಅವನು ಮಾತ್ರ ಕದಲಲಿಲ್ಲ.

ಕೆಳಗೆ ಹಸಿರು ಬಾವುಟ ಹಿಡಿದು ನಿಲ್ಲುತ್ತಿದ್ದ ಪಾಯಿಂಟ್ಸ್‌ಮನ್ ಹುಸೇನಸಾಬನಿಗೆ ಕನಿಕರವಾಯಿತು.

"ಅಣ್ಣಾ, ಕೊನೇ ಡಬ್ಬಿಗೆ ಒಂದು ಬೋರ್ಡ್ ಇರತೈತಿ. ಅದನ್ನ ನೋಡೂತನಕ ಗಾಡಿ ಬಂತು ಅನ್ನಂಗಿಲ್ಲ ನಾವು. ಇಂಜಿನ್ ಅಷ್ಟ ಬಂದ್ರ ಏನ್ ಬಂದಂಗಾತು?"

ಅಂದಿನಿಂದ ಕಳಕಪ್ಪ ಆ ಬೋರ್ಡು ಕಣ್ಣಿಗೆ ಬೀಳುವವರೆಗೆ ರೆಪ್ಪೆ ಕೂಡ ಬಡಿಯದೆ ನೋಡತೊಡಗಿದ. ಕಂಡದ್ದನ್ನು ಹೇಳಿದರೂ ಅಜ್ಜನದು ಅದೇ ಮಾತು, "ಮತ್ತ ಹೋಗು."

ಒಂಬತ್ತನೆಯ ದಿನ ಮಧ್ಯಾಹ್ನ ಅದಿರು ತುಂಬಿದ ಗಾಡಿಯೊಂದು ಬಂತು. ನಡುವೆ ಬೇರೊಂದು ಗಾಡಿ ನಿಂತಿದ್ದರಿಂದ ಕೆಳಗಿದ್ದ ಹುಸೇನಸಾಬನಿಗೆ ಅದರ ಇಂಜಿನ್ ಮಾತ್ರ ಕಂಡಿತು. ಕಳಕಪ್ಪನಿಗೆ ಮೇಲಿನಿಂದ ಎಲ್ಲವೂ ಕಂಡಿತು.

ಕೊನೆಯ ಡಬ್ಬಿ ಸೇತುವೆ ದಾಟಿತು. ಅದರ ಹಿಂದೆ ಬೋರ್ಡು ಇರಲಿಲ್ಲ. ಕೊಂಡಿ ಖಾಲಿಯಾಗಿ ಜೋತಾಡುತ್ತಿತ್ತು.

ಅವನು ಮೆಟ್ಟಿಲು ಹಾರಿ ಓಡಿದ. ಒಂದು ಚಪ್ಪಲಿ ಅಲ್ಲೇ ಉಳಿಯಿತು.

"ಹುಸೇನಣ್ಣಾ, ಬೋರ್ಡ್ ಇಲ್ಲ. ಹಿಂದಿನ ಡಬ್ಬಿ ಎಲ್ಲೋ ಉಳಿದಾವು."

ಹುಸೇನಸಾಬ ಸಿಗ್ನಲ್ ಕ್ಯಾಬಿನ್‌ಗೆ ಓಡಿದ. ಅಲ್ಲಿದ್ದವರು ಫೋನ್ ಮಾಡಿ, ಹಿಂದಿನ ಸ್ಟೇಷನ್ನಿನಿಂದ ಅದೇ ಲೈನಿನಲ್ಲಿ ಹೊರಡಲಿದ್ದ ಪ್ಯಾಸೆಂಜರ್ ಗಾಡಿಯನ್ನು ತಡೆದರು. ತಿರುವಿನ ಆಚೆ ಹದಿನಾಲ್ಕು ಡಬ್ಬಿಗಳು ಕೊಂಡಿ ಕಳಚಿ ನಿಂತಿದ್ದವು.

ಸಂಜೆ ಕಳಕಪ್ಪ ಒಂದೇ ಚಪ್ಪಲಿಯಲ್ಲಿ ಮಠಕ್ಕೆ ಬಂದು ಅಜ್ಜನ ಕಾಲಿಗೆ ಬಿದ್ದ. ನಡೆದದ್ದನ್ನೆಲ್ಲ ಹೇಳಿದ.

"ಇವತ್ತ ಪೂರಾ ನೋಡಿದೆ ಅಜ್ಜಾರ. ಇನ್ನ ಉಪದೇಶ ಕೊಡ್ರಿ."

"ಉಳಿದ ಡಬ್ಬಿ ಏನು ಮಾಡಿದ್ರು?"

"ಇಂಜಿನ್ ತಿರುಗಿ ಹೋಗಿ ಎಳಕೊಂಡು ಬಂತ್ರಿ."

"ತಿರುಗಿ ಹೋಗಾಕ ಇಂಜಿನ್‌ಗೆ ನಾಚಿಕಿ ಆತೇನು?"

ಕಳಕಪ್ಪ ನಗಲು ಬಾಯಿ ತೆರೆದ. ನಗು ಬರಲಿಲ್ಲ. ನೀಲವ್ವನ ರಾಟೆಯ ಸದ್ದು ಎರಡು ವರ್ಷದಲ್ಲಿ ಮೊದಲ ಸಲ ನೆನಪಾಯಿತು. ತಾನು ಬಿಟ್ಟುಬಂದದ್ದು ಸಂಸಾರವೆಂಬ ಮಾಯೆಯನ್ನಲ್ಲ, ಪಕ್ಕದಲ್ಲಿ ಕೂತಿದ್ದ ಒಬ್ಬ ಹೆಂಗಸನ್ನು ಎಂದು ಅವನಿಗೆ ತಿಳಿಯಿತು.

ಅವನು ಕೇಳಿದ, "ಅಕಿ ಬಾಗಿಲಾ ತೆಗೀದಿದ್ರ, ಅಜ್ಜಾರ?"

"ಒಂಬತ್ತು ದಿನಾ ಬಿಸಲಾಗ ನಿಂತಿ. ಅಲ್ಲಿನೂ ನಿಂದ್ರು."

ಕಳಕಪ್ಪ ಎದ್ದು ಚೀಲ ಹೆಗಲಿಗೇರಿಸಿದ. ಬಂದ ದಿನ ಮುಖದಲ್ಲಿದ್ದ ಹಟ ಈಗಲೂ ಇತ್ತು. ಹೊಸ್ತಿಲಲ್ಲಿ ತಿರುಗಿ ನಿಂತ.

"ಉಪದೇಶಕ್ಕ ಯಾವಾಗ ಬರ್ಲ್ರಿ?"

ಅಜ್ಜ ಹೇಳಿದರು, "ಆ ಸೀರಿಗೆ ಸೆರಗು ನೇಯ್ದು ಮುಗಿಸು. ಅದನ್ನ ಉಟ್ಟು ನೀಲವ್ವ ಮುಂದ ಬರ್ಲಿ, ನೀ ಹಿಂದ ಬಾ."