ಒಡೆಯನ ಕೊಡ

"ಹಜರತ್, ಇಂಗ್ಲಿಷರ ಕೋರ್ಟೇ 'ಇದು ನಿನ್ನದು' ಅಂದುಬಿಟ್ಟರೆ, ಅದು ನನ್ನದಾಗುವುದಿಲ್ಲವೇ?"

ಕೇಳಿದವನು ಮೀರಾಸಾಬ. ಅವನ ಮುತ್ತಜ್ಜ ದಾರಿಹೋಕರು ತಂಗುವ ಒಂದು ಮುಸಾಫಿರಖಾನೆಯನ್ನೂ ಅದರ ತೋಟವನ್ನೂ ದೇವರ ಹೆಸರಿಗೆ ವಕ್ಫ್ ಮಾಡಿ ಹೋಗಿದ್ದ. ಈಗ ಅವನ್ನು ನೋಡಿಕೊಳ್ಳುವ ಮುತವಲ್ಲಿ ಮೀರಾಸಾಬನೇ. 'ಇದರ ಒಡೆಯ ನಾನೇ' ಎಂದು ಬರೆದ ದಾವೆಯ ಕಾಗದ ವಕೀಲರ ಬಳಿ ಸಿದ್ಧವಿತ್ತು. ರುಜು ಹಾಕುವುದು ನಾಳೆ ಎಂದು ಗುರು ಪೀರ್ ಸಾಹೇಬರಿಗೆ ಹೇಳಿದ್ದ. ಊರೆಲ್ಲ ಎದೆಯುಬ್ಬಿಸಿ ತಿರುಗುವ ಗಂಡಿಗೆ ಇಲ್ಲಿ ಮಾತ್ರ ಯಾಕೋ ಗಂಟಲು ಒಣಗಿತ್ತು. ತಂಬಿಗೆ ಎತ್ತಿ ಗಟಗಟ ಕುಡಿದ.

ಪೀರ್ ಸಾಹೇಬರು ಕತೆ ಹೇಳಿದರು.

ಒಬ್ಬ ವ್ಯಾಪಾರಿ ದಾರಿಬದಿಯಲ್ಲಿ ಬಾವಿ ತೋಡಿಸಿ ತೋಟ ಹಾಕಿದ. "ಇನ್ನು ಇದರ ಒಡೆಯ ದೇವರು. ತೋಟದಲ್ಲಿ ನನ್ನ ಮಕ್ಕಳುಮರಿ ಉಣ್ಣಲಿ, ಬಾವಿಯಲ್ಲಿ ದಾರಿಹೋಕರು ಕುಡಿಯಲಿ. ಯಾರೂ ಮಾರಬೇಡಿ" ಎಂದ. ಅಂದಿನಿಂದ ಬೆಳಗಿನ ಮೊದಲ ಕೊಡವನ್ನು ಗೋಡೆಯ ಗೂಡಿನಲ್ಲಿ ಇಡುವ ಪದ್ಧತಿ ಬಂತು. ಅದು ಒಡೆಯನ ಕೊಡ. ಯಾರೂ ಮುಟ್ಟುವಂತಿಲ್ಲ. ಹೊತ್ತು ಮುಳುಗುವಾಗ ನೋಡಿದರೆ ಬರಿದು. ಕುಡಿದವರನ್ನು ಕಂಡವರಿಲ್ಲ.

ವ್ಯಾಪಾರಿಯ ಮೊಮ್ಮಗ ಬಾವಿ, ತೋಟ ತನ್ನವೆಂದು ಕೋರ್ಟಿಗೆ ಹೋದ. ಇಂಗ್ಲಿಷ್ ಜಡ್ಜ್ ಕಾಗದ ಓದಿ ನಕ್ಕ. "ಸ್ವಂತ ಮಕ್ಕಳಿಗೆ ಉಣಿಸುವುದು ಎಂಥ ದಾನ? ಈ ಒಡೆಯ ಎಂಬುವನು ಎಲ್ಲಿ? ಬಂದು ಹೇಳಲಿ."

"ಅವನೆಲ್ಲಿ ಬರುತ್ತಾನೆ, ದೊರೆ! ಒಡೆಯ ನಾನೇ. ಇಲ್ಲೇ ನಿಂತಿದ್ದೇನಲ್ಲ!"

ಹಾಗೆಂದೇ ತೀರ್ಪಾಯಿತು. ಮೊಮ್ಮಗ ಬಾವಿಯ ಸುತ್ತ ಬೇಲಿ ಹಾಕಿ ಬೀಗ ಜಡಿದ. ನೀರು ಸೇದುವ ಮುದುಕಿ ಮೊದಲ ಕೊಡವನ್ನು ಹೊತ್ತು ತಂದು ಅವನ ಹೊಸ್ತಿಲ ಮೇಲಿಟ್ಟಳು.

"ಏನಜ್ಜಿ ಇದು?"

"ಒಡೆಯನ ಕೊಡ. ಒಡೆಯ ನೀನೇ ಅಂತಲ್ಲಪ್ಪಾ, ಕುಡಿ."

ಮೀರಾಸಾಬ ಹೂಜಿ ಬಗ್ಗಿಸಿ ಮತ್ತೆ ತಂಬಿಗೆ ತುಂಬಿಕೊಂಡ. ಗುರು ಕತೆ ನಿಲ್ಲಿಸಲಿಲ್ಲ.

ಮೊಮ್ಮಗ ಜಂಬದಿಂದ ಕೊಡ ಪೂರ್ತಿ ಕುಡಿದ. ದಾಹ ಹೋಗಲಿಲ್ಲ. ಇನ್ನೊಂದು ಕುಡಿದ. ದಾರಿಹೋಕನೊಬ್ಬ ಬೀಗ ನೋಡಿ ಮುಂದೆ ನಡೆದ. ಇವನ ನಾಲಿಗೆ ಅಂಗುಳಕ್ಕೆ ಅಂಟಿತು. ಮತ್ತೊಬ್ಬ ನಡೆದ, ಇವನ ತುಟಿ ಒಡೆಯಿತು. ಹೆದರಿ ಬೀಗ ಕಿತ್ತೆಸೆದ. ಬಂದವರೆಲ್ಲ ಕುಡಿದು ತಣಿದರು. ಅವನು ತಣಿಯಲಿಲ್ಲ. ಕೋರ್ಟಿಗೆ ಓಡಿದ. "ದೊರೆ, ಒಡೆಯನದ್ದು ಒಡೆಯನಿಗೇ ಕೊಟ್ಟುಬಿಡುತ್ತೇನೆ."

"ಧಾರಾಳವಾಗಿ ಕೊಡು" ಎಂದ ಜಡ್ಜ್. "ತೆಗೆದುಕೊಳ್ಳುವವನನ್ನು ಕರೆದುಕೊಂಡು ಬಾ."

ಪೀರ್ ಸಾಹೇಬರು ಕತೆ ಮುಗಿಸಿದರು. ಮೀರಾಸಾಬ ನಗಲು ನೋಡಿದ. "ಒಳ್ಳೆ ಹೆದರಿಸುತ್ತೀರಿ, ಹಜರತ್! ಕತೆಗೆ ಬೆದರುವ ಆಳೇ ನಾನು? ಇರಲಿ, ಯೋಚಿಸುತ್ತೇನೆ. ರುಜು ನಾಳೆ ತಾನೇ."

ಹಾಗೆನ್ನುತ್ತ ತಂಬಿಗೆಗೆ ಕೈ ಹಾಕಿದ. ಬರಿದು. ಹೂಜಿ ಬಗ್ಗಿಸಿದ. ಅದೂ ಬರಿದು.

ಗುರು ಅವನ ಒಡೆದ ತುಟಿಯನ್ನೇ ನೋಡುತ್ತಿದ್ದರು.

"ರುಜು ಹಾಕಿಯೇ ಬಂದಿದ್ದೀಯಲ್ಲ, ಮಗಾ."