ಕಡೆಯ ತುತ್ತು ಬೇಡುವವನು

ಹೊಳೆಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ, ಎರೆಭೂಮಿಯ ನಡುವೆ ಒಂದು ಊರಿತ್ತಂತೆ. ಆ ಊರನ್ನು ಒಬ್ಬ ರಾಣಿ ಆಳುತ್ತಿದ್ದಳಂತೆ. ಅವಳಿಗೆ ಮಕ್ಕಳಿರಲಿಲ್ಲ. ಊರವರ ಮಕ್ಕಳನ್ನೇ ತನ್ನವರೆಂದು ಬಗೆದು, ಗಂಡುಮಕ್ಕಳೂ ಹೆಣ್ಣುಮಕ್ಕಳೂ ಒಂದೇ ಚಾವಡಿಯಲ್ಲಿ ಕುಳಿತು ಓದುವಂಥ ವಿದ್ಯಾಪೀಠವೊಂದನ್ನು ಕಲ್ಲಿನಲ್ಲಿ ಕಟ್ಟಿಸಿದಳಂತೆ. ರಾಣಿ ಹೋದಳು, ಅವಳ ಅರಮನೆಯೂ ಹೋಯಿತು. ವಿದ್ಯಾಪೀಠ ಮಾತ್ರ ಉಳಿಯಿತು.

ಆ ಪೀಠಕ್ಕೆ ಒಂದು ಕಟ್ಟಳೆ ಇತ್ತು. ಒಳಗೆ ಕಾಲಿಟ್ಟವರು ಸಿರಿವಂತರ ಮಕ್ಕಳಾಗಲಿ ಬಡವರ ಮಕ್ಕಳಾಗಲಿ, ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರಿನ ಬಾಗಿಲುಗಳಲ್ಲಿ ಬೇಡಬೇಕು. ಬೇಡಿ ತಂದದ್ದನ್ನೆಲ್ಲ ಒಂದೇ ಕೊಪ್ಪರಿಗೆಗೆ ಸುರಿಯಬೇಕು. ಗೌಡರ ಮನೆಯ ಹೋಳಿಗೆ, ಕುರುಬರ ಮನೆಯ ಮುದ್ದೆ, ನೇಕಾರರ ಮನೆಯ ನುಚ್ಚು ಎಲ್ಲವೂ ಅದರಲ್ಲಿ ಕಲೆತು ಒಂದಾಗಬೇಕು. ಯಾರ ತುತ್ತು ಯಾರದೆಂದು ಯಾರಿಗೂ ತಿಳಿಯಬಾರದು. ಹಾಗೆ ಉಂಡವರಿಗೇ ವಿದ್ಯೆ ಹತ್ತುತ್ತದೆ ಎಂಬುದು ರಾಣಿಯ ಮಾತು.

ಒಬ್ಬನ ಜೋಳಿಗೆಯನ್ನು ಮಾತ್ರ ಆ ಕೊಪ್ಪರಿಗೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲವಂತೆ. ಅವನ ಹೆಸರು ಮಸಣಯ್ಯ.

ಅವನು ಹುಟ್ಟಿದ್ದೇ ಮಸಣದಲ್ಲಿ. ತುಂಬಿದ ಬಸುರಿ ಸತ್ತಳೆಂದು ಹೊತ್ತುಕೊಂಡು ಹೋದರೆ, ಕುಣಿಗೆ ಇಳಿಸುವ ಹೊತ್ತಿನಲ್ಲಿ ಹೆಣದ ಮಗ್ಗುಲಿನಿಂದ ಕೂಸಿನ ಅಳು ಕೇಳಿತಂತೆ. ಹೊತ್ತವರು ಅಲ್ಲಿಯೇ ಬಿಟ್ಟು ಓಡಿದರು. ಪೀಠದ ಹಿರಿಯ ಗುರು, ಎಲ್ಲರೂ ಅಜ್ಜ ಎನ್ನುತ್ತಿದ್ದ ಮುದುಕ, ಒಬ್ಬನೇ ಕುಣಿಗಿಳಿದು ಕೂಸನ್ನು ಎತ್ತಿಕೊಂಡ. ಅಷ್ಟರಲ್ಲಿ ಆ ಕೂಸು ಸತ್ತ ತಾಯಿಯ ಮೊಲೆಗೆ ಬಾಯಿಟ್ಟು ಒಂದು ಗುಟುಕು ಕುಡಿದಾಗಿತ್ತಂತೆ.

ಅಜ್ಜ ಅವನನ್ನು ಪೀಠದಲ್ಲಿಯೇ ಸಾಕಿ ಅಕ್ಷರ ಕಲಿಸಿದ. ಅಜ್ಜನಿರುವವರೆಗೆ ಯಾರೂ ತುಟಿ ಬಿಚ್ಚಲಿಲ್ಲ. ಅಜ್ಜ ಹೋದ ಮೇಲೆ ಊರಿನ ಬಾಯಿ ತೆರೆಯಿತು. ಮಸಣಯ್ಯ ದಿನವೂ ಬೇಡುವವನಲ್ಲ. ಪೀಠದ ಸೌದೆ ಒಡೆದು, ನೀರು ಸೇದಿ, ದೂರದಿಂದ ಸುರಿದ ಅನ್ನವನ್ನು ಹಾಳುಬಾವಿಯ ಕಟ್ಟೆಯ ಮೇಲೆ ಕುಳಿತು ಉಣ್ಣುವವನು. ಎಂದೋ ಒಂದು ದಿನ ಇದ್ದಕ್ಕಿದ್ದ ಹಾಗೆ ಜೋಳಿಗೆ ಹಾಕಿಕೊಂಡು ಒಂದು ಮನೆಯ ಮುಂದೆ ನಿಲ್ಲುವನು. ಆ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಒಂದು ಹೆಣ ಬೀಳುವುದು. ಊರವರು ಇದನ್ನು ನೋಡಿದರು, ಮತ್ತೆ ನೋಡಿದರು. ಹೆಣದ ಹೊಟ್ಟೆಯಿಂದ ಬಂದದ್ದು ಮನುಷ್ಯನಲ್ಲ, ಪಿಶಾಚಿ, ಬೇಡುವ ನೆವದಲ್ಲಿ ಪ್ರಾಣ ಒಯ್ಯುತ್ತದೆ ಎಂದರು.

ಓದುವ ಹುಡುಗರಿಗಂತೂ ಅದು ಹಾಸ್ಯವಾಗಿತ್ತು.

"ಏನೋ ಮಸಣ್ಯಾ, ಇವತ್ತು ಯಾರ ಮನೀ ಮ್ಯಾಲ ಕಣ್ಣು ಬಿತ್ತು?"

"ನಮ್ಮ ಗುರುಗಳ ಮನೀಗೊಮ್ಮೆ ಹೋಗಿ ಬಾರೋ. ನಾಳೆ ಪಾಠ ತಪ್ಪತದ."

ಅವನು ಕೊಡಲಿ ಎತ್ತಿ ಸೌದೆಗೆ ಹಾಕುವನು.

ಆ ಪೀಠದಲ್ಲಿ ನೀಲಗಂಗೆ ಎಂಬುವಳು ಓದುತ್ತಿದ್ದಳಂತೆ. ಅದೇ ಊರಿನ ಕಾಳುಕಡಿಯ ವ್ಯಾಪಾರಿ ಅಡಿವೆಪ್ಪ ಶೆಟ್ಟಿಯ ಒಬ್ಬಳೇ ಮಗಳು. ಅವಳಿಗೆ ಒಂದು ಕೆಟ್ಟ ಚಾಳಿ. ಎಲ್ಲರೂ ಹೌದೆಂದರೆ ಅವಳಿಗೆ ನಂಬಿಕೆ ಬಾರದು. ಒಂದು ದಿನ ನಡುಮಧ್ಯಾಹ್ನ ತನ್ನ ಎಲೆಯನ್ನು ಎತ್ತಿಕೊಂಡು ಹಾಳುಬಾವಿಯ ಕಟ್ಟೆಗೆ ಹೋಗಿ ಅವನ ಎದುರಿಗೆ ಕುಳಿತಳಂತೆ.

"ನಿಮ್ಮವರು ನೋಡಾಕತ್ತಾರ," ಎಂದ ಮಸಣಯ್ಯ.

"ನೋಡಲಿ. ಅವರಿಗೆ ಓದಾಕ ಬ್ಯಾರೆ ಏನದ?"

ಅವನು ನಕ್ಕ. ಆ ನಗುವನ್ನು ಅದಕ್ಕೆ ಮೊದಲು ಪೀಠದ ಕಲ್ಲುಗಳೂ ಕಂಡಿರಲಿಲ್ಲವಂತೆ.

ಮರುದಿನವೂ ಹೋದಳು. ಅದರ ಮರುದಿನವೂ ಹೋದಳು. ಅವನು ಮರಳ ಮೇಲೆ ಪದ್ಯ ಬರೆಯುವನು, ಅವಳು ತಪ್ಪು ಹುಡುಕುವಳು. ತಪ್ಪು ಸಿಗದಿದ್ದರೆ ಅವಳಿಗೆ ಸಿಟ್ಟು, ಸಿಕ್ಕಿದರೆ ಅವನಿಗೆ ಸಂತೋಷ. ಬೇಸಗೆ ಹೋಗಿ ಮುಂಗಾರು ಬಂದು, ಮುಂಗಾರಿನ ಹೆಸರುಕಾಳು ಬಿಡಿಸುವ ಹೊತ್ತಿಗೆ, ಅವನಿಲ್ಲದ ಮಧ್ಯಾಹ್ನ ಅವಳಿಗೆ ಮಧ್ಯಾಹ್ನವೇ ಅಲ್ಲವೆಂಬಂತಾಯಿತಂತೆ.

ಒಮ್ಮೆ ಅವಳು ತನ್ನ ಎಲೆಯ ರೊಟ್ಟಿಯನ್ನು ಮುರಿದು ಅವನೆಡೆಗೆ ಚಾಚಿದಳು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಯಾಕ? ನಾ ನೀಡಿದರ ಸಾಯ್ತೀನೇನು? ನೀನೂ ಮಂದಿ ಮಾತು ನಂಬತಿ?"

ಅವನು ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡ. ಆಮೇಲೆ, ಅಜ್ಜನಿಗೆ ಕೊಟ್ಟ ಮಾತನ್ನು ಮುರಿದು, ಹೇಳಿದನಂತೆ.

ಸತ್ತವಳ ಹಾಲು ಕುಡಿದ ಕಣ್ಣಿಗೆ ಸತ್ತವರು ಕಾಣುತ್ತಾರೆ. ಒಂದು ಮನೆಯಲ್ಲಿ ಒಬ್ಬರ ಕಾಲ ತುಂಬಿತೆಂದರೆ, ಆ ಮನೆಯ ಹಿಂದಿನವರು ಕರೆದೊಯ್ಯಲು ಬಂದು ಬಾಗಿಲ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಆದರೆ ಸಾಯುವ ದಿನ ತಮ್ಮ ಕೈಯಾರೆ ಒಂದು ತುತ್ತು ನೀಡಿ ಹೋದವರನ್ನು ಮಾತ್ರ ಅವರು ಕೈಹಿಡಿದು ಒಯ್ಯುತ್ತಾರೆ. ನೀಡದೆ ಹೋದವರನ್ನು ಮುಟ್ಟುವುದಿಲ್ಲ. ಅಂಥವರು ಹೊಸ್ತಿಲಿನಲ್ಲಿಯೇ ಕುಳಿತುಬಿಡುತ್ತಾರೆ, ಹಸಿದುಕೊಂಡು, ಕಾಲವೆಲ್ಲ.

"ಅದಕ್ಕ ಹೋಗಿ ಬೇಡತೀನಿ," ಎಂದ ಮಸಣಯ್ಯ. "ನನ್ನಿಂದ ಯಾರೂ ಸಾಯೋದಿಲ್ಲ. ಸಾಯೋರ ಕಡೀ ತುತ್ತು ನಾ ತಗೋತೀನಿ."

"ಮತ್ತ ಊರಿಗೆ ಹೇಳಬಾರದಾ? ಹಿಂಗ ಬೈಸಿಕೊಂಡು..."

"ಹೇಳಿದರ ಮಂದಿ ಸಾಯೋ ಮೊದಲೇ ಸಾಯ್ತಾರ, ಸುಮ್ಮನ ಬೇಡು ಅಂದಿದ್ದ ಅಜ್ಜ." ಅವನು ನೆಲ ನೋಡಿದ. "ನಿನ್ನ ಕೈಯಾಗಿಂದ ಒಂದಗಳೂ ತಗೊಳ್ಳೋ ದಿನ ನನಗ ಬರಬಾರದು, ಗಂಗೀ. ದಿನಾ ಅದೊಂದೇ ಬೇಡಿಕೋತೀನಿ."

ಪ್ರೀತಿಯ ಮಾತು ಎಂದರೆ ಏನೆಂದು ಅವಳು ಪದ್ಯಗಳಲ್ಲಿ ಓದಿದ್ದಳು. ಅಂದು ಕೇಳಿದಳಂತೆ.

ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ಪೀಠದಲ್ಲಿ ಪಾಠವಿಲ್ಲ, ಊರಿನ ಮಕ್ಕಳು ಮನೆಗೆ ಹೋಗಬಹುದು. ನೀಲಗಂಗೆ ತಂದೆಯ ಮನೆಗೆ ಬಂದಳು. ಮನಸ್ಸಿನಲ್ಲಿ ಒಂದೇ ಮಾತಿತ್ತು. ಉಂಡ ಮೇಲೆ ಅಪ್ಪನ ಮುಂದೆ ಕುಳಿತು ಹೇಳಬೇಕು: ಮದುವೆಯಾದರೆ ಅವನನ್ನೇ ಆಗುತ್ತೇನೆ, ನೀನು ಒಮ್ಮೆ ಅವನ ಜೊತೆ ಮಾತಾಡಿ ನೋಡು. ಅಪ್ಪ ಬೈದಾನು, ಕೂಗಾಡಿಯಾನು, ಕಡೆಗೆ ಕೇಳಿಯಾನು. ಅವಳನ್ನು ಓದಿಗೆ ಕಳಿಸುವಾಗಲೂ ನೆಂಟರೆಲ್ಲ ಬೇಡವೆಂದಿದ್ದರು. ಕಳಿಸಿದ್ದವನು ಅವನೇ.

ಅಡಿವೆಪ್ಪ ಶೆಟ್ಟಿ ಉಣ್ಣಲು ಕುಳಿತಿದ್ದ. ಕಲ್ಲಿನಂಥ ಮೈ. "ಪೀಠದ ಕೂಳು ಉಂಡು ಸೊರಗೀದಿ, ನನ್ನವ್ವಾ. ಇನ್ನೊಂದು ಕಡಬು ಹಾಕಿಸಿಕೋ," ಎನ್ನುತ್ತಿದ್ದ.

ಹೊರಗೆ ಒಂದು ದನಿ ಕೇಳಿತು.

"ಭಿಕ್ಷಾ."

ಅವಳಿಗೆ ಆ ದನಿ ಗೊತ್ತು. ಕೈಯಲ್ಲಿದ್ದ ತುಪ್ಪದ ಮಿಳ್ಳೆ ಕೆಳಗೆ ಬಿತ್ತು. ಬಾಗಿಲಿಗೆ ಓಡಿದಳು. ಮಸಣಯ್ಯ ಬಿಸಿಲಿನಲ್ಲಿ ಜೋಳಿಗೆ ಹಿಡಿದು ನಿಂತಿದ್ದ. ಅವನು ಅವಳ ಮುಖ ನೋಡಲಿಲ್ಲ. ಬಾಗಿಲ ಪಕ್ಕದ ಕಟ್ಟೆಯನ್ನು ನೋಡುತ್ತಿದ್ದ. ಅವಳ ಕಣ್ಣಿಗೆ ಅದು ಬರಿಯ ಕಟ್ಟೆ.

"ಯಾರು?" ಎಂದಳು ಅವಳು, ಉಸಿರಿನಲ್ಲಿ. "ನಾನಾ?"

ಅವನು ತಲೆ ಅಲ್ಲಾಡಿಸಿದ. ಅಲ್ಲ.

"ಅವ್ವನಾ?"

ಅಲ್ಲ.

ಅವಳಿಗೆ ತಿಳಿಯಿತು. ಊರೆಲ್ಲ ತಪ್ಪು ತಿಳಿದಾಗ ಸರಿಯಾಗಿ ತಿಳಿದವಳು ಅವಳೊಬ್ಬಳೇ. ಕೇಳಿರಿ, ಅವಳು ಏನು ಮಾಡಿದಳೆಂದು. ಅಪ್ಪ ನೀಡದಿದ್ದರೆ ಅದು ಅಪ್ಪನ ಕಡೆಯ ತುತ್ತಾಗದು, ಕಡೆಯ ತುತ್ತಾಗದಿದ್ದರೆ ಅಪ್ಪ ಉಳಿದಾನು ಎಂದುಕೊಂಡಳು. ಬಾಗಿಲಿನ ಎರಡೂ ಕದಗಳನ್ನು ಹಿಡಿದು, ಯಾರೋ ಗುರುತಿಲ್ಲದವನಿಗೆ ಹೇಳುವಂತೆ ಹೇಳಿದಳಂತೆ:

"ಮುಂದಕ್ಕ ಹೋಗಪ್ಪಾ."

ಮಸಣಯ್ಯ ಕದಲಲಿಲ್ಲ. "ಗಂಗೀ, ಅಪ್ಪನ್ನ ಕರಿ. ಒಂದು ಹಿಡಿ ಸಾಕು."

"ಮುಂದಕ್ಕ ಹೋಗು ಅಂದೆ."

"ಭಿಕ್ಷಾ," ಎಂದು ಅವನು ಒಳಗೆ ಕೇಳುವಂತೆ ಕೂಗಿದ.

ಶೆಟ್ಟಿ ಎಂಜಲು ಕೈಯಲ್ಲಿಯೇ ಎದ್ದು ಬಂದ. ಬಾಗಿಲಲ್ಲಿ ಯಾರಿದ್ದಾರೆಂದು ಕಂಡ. ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು. "ನನ್ನ ಮನೀಗೇ ಬಂದೇನ್ಲೇ," ಎಂದ. ನೆರೆಯವರು ಸೇರಿದರು. ಒಬ್ಬ ಬಡಿಗೆ ತಂದ, ಒಬ್ಬ ಕಲ್ಲೆತ್ತಿದ. ಮಸಣಯ್ಯ ಏಟು ತಿನ್ನುತ್ತಲೂ ಜೋಳಿಗೆಯ ಬಾಯನ್ನು ಶೆಟ್ಟಿಯ ಕಡೆಗೇ ಹಿಡಿದಿದ್ದನಂತೆ. ನೀಲಗಂಗೆ ಕದದ ಹಿಂದೆ ನಿಂತಿದ್ದಳು. ಅವಳ ಒಂದು ಮಾತಿಗೆ ಬಡಿಗೆಗಳು ನಿಲ್ಲುತ್ತಿದ್ದವೋ ಇಲ್ಲವೋ. ಅವಳು ಬಾಯಿ ತೆರೆಯಲಿಲ್ಲ.

ಅವನನ್ನು ಎಳೆದುಕೊಂಡು ಹೋದರು. ಶೆಟ್ಟಿ ಒಳಗೆ ಬಂದು ಕೈ ತೊಳೆಯಲು ತಂಬಿಗೆ ಎತ್ತಿದ. ತಂಬಿಗೆ ಬಿತ್ತು, ಹಿಂದೆಯೇ ಅವನೂ ಬಿದ್ದ.

ಊರಿಗೆ ಇನ್ನಾವ ಸಾಕ್ಷಿ ಬೇಕು? ಮಸಣಯ್ಯನನ್ನು ಮಸಣದಲ್ಲಿಯೇ ಬಿಸಾಡಿ ಬಂದರು. ಅವನಿಗೆ ಹನಿ ನೀರು ಕೊಟ್ಟವರನ್ನೂ ಅಲ್ಲಿಗೇ ಕಳಿಸುತ್ತೇವೆಂದು ಡಂಗುರ ಹೊಡೆಸಿದರು.

ಶೆಟ್ಟಿಯ ಮಣ್ಣು ಮುಗಿದ ಮರುದಿನದಿಂದ ಆ ಮನೆಯಲ್ಲಿ ಹಂಚಿನ ಮೇಲೆ ರೊಟ್ಟಿ ಉಬ್ಬಲಿಲ್ಲವಂತೆ. ಮೇದು ಬಂದ ಎಮ್ಮೆ ಬಾಗಿಲೆದುರು ಕಾಲೂರಿ ನಿಂತು ಒಳಗೆ ಬಾರದಾಯಿತು. ತಲೆಬಾಗಿಲನ್ನು ಎಷ್ಟು ನೂಕಿದರೂ ಒಂದು ಗೇಣು ತೆರೆದೇ ಇರುತ್ತಿತ್ತು, ನಡುವೆ ಯಾರೋ ಕುಳಿತಿರುವ ಹಾಗೆ.

ತಾಯಿ ಆ ಸಂದನ್ನು ನೋಡುತ್ತ ಹೇಳಿದಳು: "ನಿಮ್ಮಪ್ಪ ಹೋಗಿಲ್ಲ, ಮಗಳ. ಉಣ್ಣಾಕ ಕುಂತಾಗೆಲ್ಲ ನನ್ನ ಕೈ ಭಾರ ಆಗತದ, ಯಾರೋ ಹಿಡಕೊಂಡಂಗ."

ನೀಲಗಂಗೆ ಎದ್ದು, ಹಾಡುಹಗಲು, ಊರವರೆಲ್ಲ ನೋಡುತ್ತಿರುವಂತೆ ಮಸಣಕ್ಕೆ ನಡೆದಳು. ಅವಳನ್ನು ತಡೆಯಲು ಯಾರಿಗೂ ಧೈರ್ಯ ಬರಲಿಲ್ಲ.

ಮಸಣಯ್ಯ ಒಂದು ಹಳೆಯ ಗೋರಿಯ ನೆರಳಿನಲ್ಲಿ ಬಿದ್ದಿದ್ದ. ತುಟಿ ಒಡೆದಿತ್ತು, ಒಂದು ಕಾಲು ಸೆಟೆದಿತ್ತು. ಅವಳನ್ನು ಕಂಡು ಏಳಲು ನೋಡಿದ.

"ತಪ್ಪು ಮಾಡಿದೆ," ಎಂದಳು.

"ಅಪ್ಪನ ಮ್ಯಾಲಿನ ಆಸೆ. ತಪ್ಪೇನದರಾಗ."

"ಬಾ. ಅಪ್ಪನ್ನ ಬಿಡಿಸು. ನಿನ್ನ ಹೊತ್ತುಕೊಂಡು ಹೋಗತೀನಿ."

"ಇನ್ನ ನನಗಾಗೋದಿಲ್ಲ, ಗಂಗೀ. ತಪ್ಪಿದ ತುತ್ತು ಆಮ್ಯಾಲೂ ನೀಡಸಬಹುದು, ಅವರನ್ನ ಕಾಣೋ ಕಣ್ಣಿದ್ದವರು ಹೋಗಿ ಬೇಡಿದರ." ಅವನು ಅವಳ ಹೆಗಲಾಚೆ ನೋಡುತ್ತಿದ್ದ. ಅವನ ಮುಖದಲ್ಲಿ ಕೂಸಿನ ಅಚ್ಚರಿ ಇತ್ತಂತೆ. "ಅಲ್ಲೊಬ್ಬಾಕಿ ಬಂದು ಕುಂತಾಳ. ಮುಂಜಾನಿಂದ ನನ್ನೇ ನೋಡಾಕತ್ತಾಳ. ನನ್ನಂಗ ಮೂಗದ ಆಕೀಗೆ. ನಮ್ಮವ್ವ ಇರಬೇಕು."

ನೀಲಗಂಗೆ ಅಳಲಿಲ್ಲ. ಅಳಲು ಹೊತ್ತಿರಲಿಲ್ಲ. ಊರಿನವರೆಲ್ಲರ ಕಡೆಯ ತುತ್ತು ಬೇಡಿದವನ ಕಡೆಯ ತುತ್ತನ್ನು ಬೇಡಲು ಅವಳಲ್ಲದೆ ಮತ್ತಾರಿದ್ದರು? ಅವನ ಮುಂದೆ ಮೊಣಕಾಲೂರಿ ಸೆರಗೊಡ್ಡಿದಳು.

"ಭಿಕ್ಷಾ," ಎಂದಳು.

ಅವನು ಅವಳ ಕಣ್ಣುಗಳನ್ನು ನೋಡಿದ. "ನನ್ನ ಹತ್ತಿರ ಕಾಳಿಲ್ಲ, ಕೂಳಿಲ್ಲ. ಒಂದದ. ಅದರಿಂದ ಯಾರ ಹೊಟ್ಟೀನೂ ತುಂಬೋದಿಲ್ಲ. ತಗೊಂಡರ ಮಂದಿ ನಿನ್ನ ಜೋಡಿ ಉಣ್ಣೋದಿಲ್ಲ."

"ನೀಡು."

ಅವನು ಅಂಗೈಯನ್ನು ಅವಳ ಕಣ್ಣುಗಳ ಮೇಲೆ ಇಟ್ಟ. ಅಂಗೈ ಬೆಚ್ಚಗಿತ್ತು, ಉಗುರುಬೆಚ್ಚಗಾಯಿತು, ತಣ್ಣಗಾಯಿತು. ಅವಳು ಅದನ್ನು ಕೆಳಗಿಳಿಸಿ ಕಣ್ಣು ತೆರೆದಾಗ, ನಡುಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬ ಹೆಂಗಸು ಮಗನ ಕೈಹಿಡಿದು ಹೋಗುತ್ತಿದ್ದಳಂತೆ. ಮಗನ ಕಾಲು ಸೆಟೆದಿರಲಿಲ್ಲ.

ಊರಿಗೆ ಹಿಂದಿರುಗಿದರೆ ಹೊಸ್ತಿಲಿನಲ್ಲಿ ಅಪ್ಪ ಕುಳಿತಿದ್ದ. ಕೈ ಇನ್ನೂ ಎಂಜಲಾಗಿತ್ತು. ಮಗಳನ್ನು ಕಂಡು ಕೇಳಿದ: "ಆವತ್ತು ಯಾಕವ್ವಾ ಮುಂದಕ್ಕ ಹೋಗು ಅಂದಿ?"

"ನೀ ಉಳೀತಿ ಅಂದುಕೊಂಡೆ, ಅಪ್ಪಾ."

ಅವಳು ಕಣಜದಿಂದ ಒಂದು ಹಿಡಿ ಜೋಳ ತಂದು ಅವನ ಅಂಗೈಯಲ್ಲಿ ಸುರಿದು, ಕೆಳಗೆ ಸೆರಗೊಡ್ಡಿ ಬೇಡಿದಳು. ಅಪ್ಪ ಕೈಮಗುಚಿದ. ಕಾಳು ಅವಳ ಸೆರಗಿಗೆ ಬಿದ್ದವು. ಕಟ್ಟೆಯ ಮೇಲೆ ಕಾಯುತ್ತಿದ್ದ ಮನೆಯ ಹಿಂದಿನ ಮುದುಕರು ಎದ್ದು, ಮೈ ಕೊಡವಿಕೊಂಡು, ಅವನ ಕೈಹಿಡಿದರು. ಅಂದು ಸಂಜೆ ಬಾಗಿಲು ಮುಚ್ಚಿತಂತೆ.

ಆದರೆ ಮಸಣದಿಂದ ನಡೆದು ಬಂದವಳ ಜೋಳಿಗೆಯನ್ನು ಪೀಠದವರು ಕೊಪ್ಪರಿಗೆಗೆ ಬಿಡಲಿಲ್ಲ. ಅವಳು ಹಾಳುಬಾವಿಯ ಕಟ್ಟೆಯ ಮೇಲೆ ಕುಳಿತು ಉಂಡಳು. ಮದುವೆಯಾಗಲಿಲ್ಲ. ಎಂದೋ ಒಂದು ದಿನ ಒಂದು ಮನೆಯ ಮುಂದೆ ನಿಲ್ಲುವಳು, "ಭಿಕ್ಷಾ" ಎನ್ನುವಳು. ಕೆಲವರು ಬೈದರು, ಕೆಲವರು ಉಗುಳಿದರು. ಅವಳು ನೀಡುವವರೆಗೆ ಕದಲುತ್ತಿರಲಿಲ್ಲ. ಅವಳನ್ನು ಹೊಡೆಯಲು ಹೆದರಿದರು, ಹೆದರಿ ನೀಡಿದರು. ಭಯದಿಂದ ನೀಡಿದ್ದೂ ನೀಡಿದ್ದೇ. ಮಸಣಯ್ಯನಿಗೆ ಬಡಿಗೆ ಎತ್ತಿದವರ ಮನೆಗಳಿಗೂ ಅವಳು ಹೋದಳು, ಒಂದನ್ನೂ ಬಿಡಲಿಲ್ಲ. ಆ ಊರಿನ ಯಾವ ಹೊಸ್ತಿಲಿನಲ್ಲಿಯೂ ಯಾರೂ ಹಸಿದು ಕುಳಿತಿರಲಿಲ್ಲ. ಅದು ಯಾರಿಂದ ಎಂಬುದು ಮಾತ್ರ ಊರಿಗೆ ತಿಳಿಯಲೇ ಇಲ್ಲ.

ಕೂದಲು ಹತ್ತಿಯಾಯಿತು, ಬೆನ್ನು ಬಿಲ್ಲಾಯಿತು. ಒಂದು ಮಧ್ಯಾಹ್ನ ಮುದುಕಿ ನೀಲಗಂಗೆ ಉಣ್ಣಲು ಕುಳಿತು ತಲೆ ಎತ್ತಿದರೆ, ಕಟ್ಟೆಯ ಆಚೆ ತುದಿಯಲ್ಲಿ ಮಸಣಯ್ಯ ಕುಳಿತಿದ್ದನಂತೆ. ಅಂದಿನ ವಯಸ್ಸೇ. ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ.

ಅವಳು ಸುತ್ತ ನೋಡಿದಳು. ಅವಳಿಂದ ಬೇಡುವವರು ಯಾರೂ ಇರಲಿಲ್ಲ. ದಾರಿಹೋಕರನ್ನು ಕರೆದು ರೊಟ್ಟಿ ಚಾಚಿದಳು. ಅವರು ಮುಖ ತಿರುಗಿಸಿ ಬಿರಬಿರನೆ ನಡೆದರು. ಅವನ ಮುಖ ಬಾಡಿತು. ಆಗ ಮರಿ ಹಾಕಿದ ಒಂದು ಬಡಕಲು ನಾಯಿ ಸೌದೆಯ ರಾಶಿಯ ಹಿಂದಿನಿಂದ ಬಂತು. ಅದು ಬೇಡಲಿಲ್ಲ, ಅವಳನ್ನು ನೋಡಿತು, ಅಷ್ಟೇ. ಅವಳು ರೊಟ್ಟಿಯನ್ನು ಅದರ ಮುಂದಿಟ್ಟಳು. ನಾಯಿ ಮೂಸಿತು, ಕಚ್ಚಿಕೊಂಡು ಹೋಯಿತು.

ಮಸಣಯ್ಯ ಬೆನ್ನ ಹಿಂದಿನ ಕೈಗಳನ್ನು ಮುಂದಕ್ಕೆ ಚಾಚಿದನಂತೆ.

ಹೇಳಿದ ಬಾಯಿಗೆ ಗುಟುಕು ನೀರು, ಕೇಳಿದ ಮನೆಗೆ ಹಿಡಿ ಜೋಳ, ಹೊಸ್ತಿಲು ದಾಟಿ ಹೋದವರಿಗೆ ದಾರಿ. ಕಥೆ ಅವರದು, ಉಸಿರು ನಮ್ಮದು.